ಏಣಿಯ ಮೇಲಿನ ಕೈ

ಅವನನ್ನು ಮಣ್ಣು ಮಾಡಿದ ದಿನ ಎಲ್ಲರೂ ಅವನು ಮಾಡಿದ ಒಳ್ಳೆಯ ಕೆಲಸಗಳ ಬಗ್ಗೆಯೇ ಮಾತಾಡಿದರು. ನಮ್ಮ ಚರ್ಚಿನ ಚಾವಣಿಗೆ ಹೆಂಚು ಹೊದೆಸಿದ್ದು ಅವನು, ಗಂಟೆಯ ಹಗ್ಗ ಬದಲಿಸಿದ್ದು ಅವನು, ದಿಕ್ಕಿಲ್ಲದೆ ಸತ್ತವರಿಗೆ ಗುಂಡಿ ತೋಡಿದ್ದು ಅವನು. ಕಾರ್ಖಾನೆಯ ಮ್ಯಾನೇಜರು ಗಂಟಲು ಸರಿಮಾಡಿಕೊಂಡು, "ಇಂಥವರಿಗೆ ಸ್ವರ್ಗ ಸಿಗದಿದ್ರೆ ಇನ್ಯಾರಿಗೆ ಸಿಗುತ್ತೆ? ದುಡಿದು ಸಂಪಾದಿಸಿದ್ದಾರೆ" ಎಂದರು. ನನ್ನ ಪಕ್ಕದಲ್ಲಿದ್ದ ಅವನ ತಮ್ಮನ ಹೆಂಡತಿ ಕರವಸ್ತ್ರದೊಳಗೇ ಹೇಳಿದಳು: "ಈ ಮಾತು ಕೇಳಿಸಿದ್ರೆ ಭಾವ ಎದ್ದು ಹಾರೆ ಹುಡುಕ್ತಾರೆ ಅಣ್ಣ. ಮೆಲ್ಲಗೆ ಮಾತಾಡೋಕೆ ಹೇಳಿ."

ನಗು ಬಂತು, ಅಳುವೂ ಬಂತು. ಮ್ಯಾನೇಜರು ಕೆಟ್ಟವರಲ್ಲ. ಆದರೆ ಅವರು ಹೇಳಿದ್ದು ಸುಳ್ಳು. ನನ್ನ ಗೆಳೆಯನ ಅರ್ಧ ಆಯುಷ್ಯವನ್ನು ತಿಂದುಹಾಕಿದ್ದೇ ಆ ಸುಳ್ಳು. ಅವನ ಗುಂಡಿಯ ಮೇಲೆ ಮತ್ತೆ ಅದನ್ನೇ ಹೊದೆಸಿದ್ದನ್ನು ನೋಡಿ ಬಂದ ಮೇಲೆ ಸುಮ್ಮನಿರಲು ಆಗದೆ ಇದನ್ನು ಬರೆಯುತ್ತಿದ್ದೇನೆ.

ನಾನು ಸಕ್ಕರೆ ಕಾರ್ಖಾನೆಯ ಪಂಪ್ ಮನೆಯಲ್ಲಿದ್ದವನು. ಪಂಪ್ ಓಡುತ್ತಿರುವಾಗ ಅದರ ಪಕ್ಕದಲ್ಲಿ ಕೂತು ಓದುವುದು ನನ್ನ ಚಾಳಿ. ಅದಕ್ಕೇ ಅವನು ನನ್ನನ್ನು 'ಪುಸ್ತಕ' ಎಂದು ಕರೆಯುತ್ತಿದ್ದ. ಅವನನ್ನು ಎಲ್ಲರೂ ಹಗ್ಗದಣ್ಣ ಎನ್ನುತ್ತಿದ್ದರು. ಟ್ಯಾಂಕ್ ತೊಳೆಯುವ ತಂಡದಲ್ಲಿ ಮೇಲೆ ನಿಂತು ಹಗ್ಗ ಹಿಡಿಯುವುದು ಅವನ ಕೆಲಸ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ ಎನ್ನುತ್ತಾರೆ. ಅದನ್ನು ತುಂಬುವ ಟ್ಯಾಂಕುಗಳು ಮನೆಗಿಂತ ಎತ್ತರ. ನೆತ್ತಿಯ ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ದುಂಡನೆಯ ಬಾಯಿ, ಒಳಗೋಡೆಗೆ ಬೆಸೆದ ಕಬ್ಬಿಣದ ಏಣಿ. ಖಾಲಿಯಾದ ಮೇಲೆ ತಳದಲ್ಲಿ ಗಟ್ಟಿ ಕೆನೆಯಂಥ ಗಸಿ ನಿಲ್ಲುತ್ತದೆ. ಯಾರಾದರೂ ಇಳಿದು ಸಲಿಕೆಯಿಂದ ಕೆರೆಯಬೇಕು. ಆ ಗಸಿಯ ಹೊಟ್ಟೆಯಲ್ಲಿ ಗ್ಯಾಸ್ ಅಡಗಿರುತ್ತದೆ. ಇಳಿಯುವ ಮುಂಚೆ ದೀಪ ಬಿಟ್ಟು ನೋಡಿದರೆ ಚೆನ್ನಾಗಿಯೇ ಉರಿಯುತ್ತದೆ. ಸಲಿಕೆ ತಾಕಿ ಕೆನೆ ಒಡೆದಾಗಲೇ ಅದು ಹೊರಗೆ ಬರುವುದು. ಘಾಟಿಲ್ಲ, ಹೊಗೆಯಿಲ್ಲ. ಸ್ವಲ್ಪ ಸಿಹಿ ವಾಸನೆ, ಅಷ್ಟೇ.

ಹಾಗಾಗಿ ತಂಡದಲ್ಲಿ ಒಂದು ಪದ್ಧತಿ ಇತ್ತು. ಒಳಗಿಳಿದವನ ಬಾಯಿ ನಿಲ್ಲಬಾರದು. ಹಾಡಬೇಕು, ಬೈಯಬೇಕು, ಹೆಂಡತಿಯ ಚಾಡಿ ಹೇಳಬೇಕು, ಏನಾದರೂ ಸರಿ. ಮೇಲಿನವನು ಕೇಳಿಸಿಕೊಳ್ಳುತ್ತಾ ಇರಬೇಕು. ದನಿ ನಿಂತರೆ ಎಳೆಯಬೇಕು.

ಹಗ್ಗದಣ್ಣನ ತಮ್ಮ ಕೀರ್ತನೆ ಹಾಡುತ್ತಿದ್ದ. ರಾಗ ಎಂಬುದು ಅವನ ಮನೆಯ ಕಡೆ ಹಾದುಹೋದದ್ದೇ ಇಲ್ಲ. "ಲೋ, ಗ್ಯಾಸ್ ನಿನ್ನ ಹಾಡು ಕೇಳಿ ಓಡಿಹೋಗುತ್ತೆ ಬಿಡು" ಎಂದು ಅಣ್ಣ ಮೇಲಿಂದ ಕೂಗುತ್ತಿದ್ದ. "ಹಾಗಾದ್ರೆ ಸಂಬಳ ಜಾಸ್ತಿ ಕೊಡಿಸು" ಎಂದು ತಮ್ಮ ಕೆಳಗಿಂದ. ಟ್ಯಾಂಕಿನ ಗೋಡೆಗೆ ಬಡಿದು ಆ ಹಾಡು ನನ್ನ ಪಂಪ್ ಮನೆಯವರೆಗೂ ಬರುತ್ತಿತ್ತು.

ಕೆಲಸ ಕಲಿಸುವಾಗ ಅಣ್ಣ ತಮ್ಮನಿಗೆ ಒಂದು ಮಾತು ಹೇಳಿಕೊಟ್ಟಿದ್ದ: ಹಗ್ಗವನ್ನು ನಂಬು, ಆದರೆ ಒಂದು ಕೈ ಏಣಿಯ ಮೇಲಿರಲಿ. ಯಾರು ಕೇಳಿದರೂ ಹೌದೆನ್ನುವ ಮಾತು. ಹಗ್ಗ ಹರಿಯಬಹುದು, ಮೇಲಿನವನು ಮುಗ್ಗರಿಸಬಹುದು. ತನ್ನ ಕೈ ತನಗೆ ಎಂದು.

ಒಂದು ದಿನ ಹಾಡು ಚರಣದ ನಡುವೆ ನಿಂತಿತು. ಹಗ್ಗದಣ್ಣ ಎಳೆದ. ತಮ್ಮನಿಗೆ ತಲೆ ಸುತ್ತಿರಬೇಕು. ಕಲಿತ ಪಾಠದಂತೆ ಏಣಿ ಹಿಡಿದು ತಾನೇ ಹತ್ತತೊಡಗಿದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಎಚ್ಚರ ತಪ್ಪಿತು. ಮೊಣಕೈ ಏಣಿಯ ಸರಳಿನೊಳಗೆ ಸಿಕ್ಕಿಕೊಂಡಿತು. ಮೇಲಿಂದ ಎಳೆದಷ್ಟೂ ಅದು ಬಿಗಿಯಾಗುತ್ತಾ ಹೋಯಿತು. ಅಣ್ಣ ಅಂಗೈಯ ಚರ್ಮ ಸುಲಿಯುವವರೆಗೆ ಎಳೆದ. ಹಗ್ಗ ಹರಿಯಲಿಲ್ಲ. ಹಗ್ಗಕ್ಕೆ ಏನೂ ಆಗಿರಲಿಲ್ಲ.

ಆ ಟ್ಯಾಂಕಿನ ಬಾಯಿಯನ್ನು ಕಬ್ಬಿಣದ ತಟ್ಟೆ ಬೆಸೆದು ಮುಚ್ಚಿದರು. ಮುಂದೆ ಬಂದ ಹೊಸಬರಿಗೆಲ್ಲ ಹಗ್ಗದಣ್ಣ ಬೇರೆ ಪಾಠ ಹೇಳಿದ: "ತಲೆ ತಿರುಗ್ತು ಅಂದ್ರೆ ಏಣಿ ಮುಟ್ಟಬೇಡ. ಎರಡೂ ಕೈ ಬಿಟ್ಟುಬಿಡು. ಸತ್ತ ಇಲಿ ಥರ ನೇತಾಡು. ಎಳೆಯೋದು ನನ್ನ ಕೆಲಸ, ನಿಂದಲ್ಲ." ಅವನ ಕೈಯಲ್ಲಿ ಆಮೇಲೆ ಅದೆಷ್ಟೋ ಜನ ಸತ್ತ ಇಲಿಗಳ ಹಾಗೆ ಮೇಲೆ ಬಂದು, ವಾಂತಿ ಮಾಡಿಕೊಂಡು, ಚಹಾ ಕುಡಿದು ಮನೆಗೆ ಹೋದರು.

ಅವನು ಮದುವೆಯಾಗಲಿಲ್ಲ. ತಮ್ಮನ ಹೆಂಡತಿ ಬಟ್ಟೆ ಹೊಲಿದು ಬದುಕುತ್ತಿದ್ದಳು; ಅವಳ ಮನೆಯ ಹಿಂದಿನ ಕೋಣೆಯಲ್ಲಿ ಇವನು ಇದ್ದ. ಮಂಚ, ಒಂದು ಟ್ರಂಕು, ಗೋಡೆಯ ಮೊಳೆಗೆ ಆ ದಿನದ ಹಗ್ಗದ ಸುರುಳಿ. ಕೆಲಸದಿಂದ ಬಂದವನು ಕೂರುತ್ತಿರಲಿಲ್ಲ. ಬೀದಿಯ ಯಾರ ಮನೆಯ ನೀರಿನ ತೊಟ್ಟಿ ಪಾಚಿ ಕಟ್ಟಿದರೂ ಇವನೇ ತೊಳೆಯಬೇಕು. ಮುದುಕಿಯೊಬ್ಬಳ ಬಾಗಿಲು ಕಿರುಗುಟ್ಟಿದರೆ ಎಣ್ಣೆ ಹಿಡಿದು ಹೋಗುತ್ತಿದ್ದ. ಜ್ವರ ಬಂದಾಗಲೂ ಗುಂಡಿ ತೋಡಿದ. ಊರು ಅವನನ್ನು ಸಂತನೆಂದುಕೊಂಡಿತು. ನನಗೆ ಮಾತ್ರ ಅವನು ನಾಯಿ ಅಟ್ಟಿಸಿಕೊಂಡು ಬಂದಾಗ ಓಡುವವನ ಹಾಗೆ ಕಾಣುತ್ತಿದ್ದ.

ಒಮ್ಮೆ ಅವಳು ಹೊಲಿಗೆ ಯಂತ್ರ ತುಳಿಯುತ್ತಲೇ ನನಗೆ ಹೇಳಿದಳು: "ಮೊದಲನೇ ವರ್ಷವೇ ಹೇಳಿದೆ ಅಣ್ಣ, 'ಭಾವ, ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಕ್ಷಮಿಸಿಬಿಟ್ಟಿದ್ದೀನಿ' ಅಂತ. ಮಾರನೇ ದಿನ ನನ್ನ ಚಾವಣಿ ರಿಪೇರಿ ಆಯ್ತು. ಇನ್ನೊಂದ್ಸಲ ಹೇಳಿದೆ. ಬಚ್ಚಲಿಗೆ ಹೊಸ ಕಲ್ಲು ಬಂತು. ಈಗ ಹೇಳೋದೇ ಬಿಟ್ಟಿದ್ದೀನಿ. ಮನೆಯಲ್ಲಿ ಕೆಡೋದಕ್ಕೆ ಇನ್ನೇನೂ ಉಳಿದಿಲ್ಲ."

"ತಮಾಷೆ ಮಾಡ್ತೀಯಲ್ಲ ತಂಗಿ."

"ತಮಾಷೆ ಅಲ್ಲ ಅಣ್ಣ. ಕೊಟ್ಟಿದ್ದನ್ನ ಇಸ್ಕೊಳ್ಳೋದೇ ಇಲ್ಲ ಅಂದ್ರೆ ಎಷ್ಟು ದಿನ ಕೈ ನೀಡ್ಕೊಂಡು ನಿಂತಿರಲಿ?" ಅವಳ ಕಾಲು ನಿಂತಿತು. "ರಾತ್ರಿ ಕೆಮ್ಮೋದು ಕೇಳ್ತೀನಿ. ಹೀಗೇ ಹೋಗಿಬಿಡ್ತಾರೆ ಅಂತ ಭಯ. ಸಾಯೋದಕ್ಕಲ್ಲ. ಹೀಗೇ ಸಾಯೋದಕ್ಕೆ."

ಅವಳ ಭಯ ಏನೆಂದು ನನಗೆ ಗೊತ್ತಿತ್ತು. ಪ್ರತಿ ಭಾನುವಾರ ಅವನು ಚರ್ಚಿಗೆ ಬರುತ್ತಿದ್ದ, ಬಾಗಿಲ ಬಳಿಯ ಬೆಂಚಿನಲ್ಲಿ ಕೂರುತ್ತಿದ್ದ. ಹಾಡುತ್ತಿರಲಿಲ್ಲ, ತಲೆ ಓರೆಮಾಡಿ ಕೇಳುತ್ತಿದ್ದ, ಯಾರ ದನಿಯಾದರೂ ನಡುವೆ ನಿಂತಿತೇ ಎಂದು. ಯೇಸುವಿನ ನೆನಪಿಗೆ ರೊಟ್ಟಿ ಹಂಚುವ ಕರ್ತನ ಭೋಜನದ ದಿನ ಎಲ್ಲರೂ ಅದನ್ನು ತೆಗೆದುಕೊಳ್ಳಲು ಮುಂದೆ ಹೋದರೆ ಇವನು ಎದ್ದು ಹೊರಗೆ ಹೋಗಿ ಮೆಟ್ಟಿಲು ಗುಡಿಸುತ್ತಿದ್ದ. ತಮ್ಮ ಸತ್ತ ಮೇಲೆ ಒಮ್ಮೆಯೂ ಅವನು ಆ ರೊಟ್ಟಿ ಮುಟ್ಟಿರಲಿಲ್ಲ.

ಚರ್ಚಿನ ಸಭಾಪಾಲಕರು, ನಾವು ಅಯ್ಯನವರು ಎನ್ನುತ್ತಿದ್ದೆವು, ಒಂದು ದಿನ ಮೆಟ್ಟಿಲಿಗೇ ಬಂದು ಅವನ ಪೊರಕೆ ಹಿಡಿದುಕೊಂಡರು.

"ಇನ್ನೆಷ್ಟು ಗುಡಿಸ್ತೀಯಪ್ಪ? ಒಳಗೆ ಬಾ."

"ನಾನಿನ್ನೂ ಅಷ್ಟು ಮಾಡಿಲ್ಲ ಅಯ್ಯನವರೇ. ಕೆಲಸ ಮುಗಿಸದೆ ಕೈ ಚಾಚಿದ್ರೆ ಗಂಟಲಲ್ಲಿ ಇಳಿಯಲ್ಲ."

"ಅದು ಸಂಬಳ ಅಲ್ಲಪ್ಪ. ಊಟ. ಹಸಿದವರಿಗೆ ಇಟ್ಟಿದ್ದು. ಬೆಲೆ ಕೊಟ್ಟವನು ಬೇರೆ, ಶಿಲುಬೆಯ ಮೇಲೆ ಕೊಟ್ಟು ಮುಗಿಸಿದ್ದಾನೆ. ನಿನಗೆ ಬಾಕಿ ಏನಿದೆ?"

"ನನ್ನ ತಮ್ಮ" ಎಂದ ಅವನು. ಪೊರಕೆ ಬಿಡಿಸಿಕೊಂಡ.

ನಾನು ಹೆಚ್ಚು ಓದಿದವನೆಂಬ ಜಂಬದಲ್ಲಿ ಒಮ್ಮೆ ಪಂಪ್ ಮನೆಯಲ್ಲಿ ಅವನನ್ನು ಕೆಣಕಿದೆ. "ನೀನು ಹೊಸಬರಿಗೆ ಏನು ಹೇಳ್ತೀಯಾ? ಏಣಿ ಬಿಡು, ನೇತಾಡು, ಎಳೆಯೋದು ಮೇಲಿನವನ ಕೆಲಸ ಅಂತ. ನಿನ್ನ ವಿಷಯಕ್ಕೆ ಬಂದ್ರೆ ಮಾತ್ರ ಒಂದು ಕೈ ಏಣಿಯ ಮೇಲೇ. ಯೇಸುವನ್ನು ನಂಬ್ತೀನಿ ಅಂತೀಯಾ, ಆದರೆ ಅವನ ಕೈಯಲ್ಲಿ ಹಗ್ಗ ಕೊಡೋದಕ್ಕೆ ನಿನಗೆ ಧೈರ್ಯ ಇಲ್ಲ. ಒಳ್ಳೆ ಕೆಲಸ ಮಾಡು, ಯಾರು ಬೇಡ ಅಂದ್ರು? ಅವನು ಎಳೆದುಕೊಂಡ ಮೇಲೆ ಮಾಡು. ಮೇಲೆ ಬರೋದಕ್ಕೆ ಅಂತ ಮಾಡಬೇಡ."

ಅವನು ಚಹಾದ ಲೋಟ ಕೆಳಗಿಟ್ಟ. "ನಿನ್ನ ತಮ್ಮ ಸತ್ತಿದ್ನಾ ಪುಸ್ತಕ?"

"ಇಲ್ಲ."

"ಹಾಗಾದ್ರೆ ಪುಟ ತಿರುವು."

ಎದ್ದು ಹೋದ. ಕೆಲವು ದಿನ ನನ್ನ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ಏನೂ ಆಗದವನ ಹಾಗೆ ನನ್ನ ಕುರ್ಚಿಯ ಸಡಿಲ ಕಾಲು ಬಡಿದು ಕೂರಿಸತೊಡಗಿದ. ನಾನು ಬೇಡವೆನ್ನಲಿಲ್ಲ. ಹೀಗೇ ವರ್ಷಗಳು ಹೋದವು. ಅವನ ಒಣಕೆಮ್ಮು ಕಫದ ಕೆಮ್ಮಾಯಿತು. ನಡೆದು ಬಂದರೆ ಉಸಿರು ಅವನಿಗಿಂತ ಒಂದು ಹೆಜ್ಜೆ ಹಿಂದೆ ಬರುತ್ತಿತ್ತು.

ಈ ಸಲದ ಹಂಗಾಮಿಗೆ ಮುಂಚೆ ಕಾರ್ಖಾನೆಯ ಹೊಸ ಆಡಳಿತ ಬೆಸೆದು ಮುಚ್ಚಿದ್ದ ಆ ಟ್ಯಾಂಕನ್ನು ತೆರೆಯಲು ಹೇಳಿತು. ಜಾಗ ಸಾಲದು, ಇದ್ದದ್ದನ್ನು ಯಾಕೆ ಸುಮ್ಮನೆ ಬಿಡಬೇಕು ಎಂದು. ತಟ್ಟೆ ಕತ್ತರಿಸುವ ಕೆಲಸ ನಡೆಯುವಾಗ ಹಗ್ಗದಣ್ಣ ದೂರದಲ್ಲಿ ನಿಂತು ಕಿಡಿ ಬೀಳುವುದನ್ನು ನೋಡುತ್ತಿದ್ದ. ನಾನು ಹತ್ತಿರ ಹೋದೆ.

"ನೀನು ರಜಾ ಹಾಕು" ಎಂದೆ.

"ಬೇರೆಯವರ ಕೈಗೆ ಹಗ್ಗ ಕೊಟ್ಟು?"

ತಟ್ಟೆ ಕಳಚಿತು. ಒಳಗಿಂದ ಹಳೆಯ ಸಿಹಿ ವಾಸನೆ ಮೆಲ್ಲಗೆ ಎದ್ದು ಅಂಗಳದಲ್ಲಿ ಹರಡಿತು. ಬಾಯಿ ತೆರೆದೇ ಎರಡು ದಿನ ಬಿಟ್ಟರು, ಗಾಳಿಯಾಡಲಿ ಎಂದು. ಕಾಕಂಬಿ ಇದ್ದಲ್ಲಿ ನೊಣ ಮುತ್ತುತ್ತದೆ. ಪಕ್ಕದ ಟ್ಯಾಂಕುಗಳ ಮೇಲೆ ಕರ್ರಗೆ ಕೂತಿದ್ದವು. ಆ ಬಾಯಿಯ ಮೇಲೆ ಮಾತ್ರ ಒಂದೂ ಇರಲಿಲ್ಲ. ಅದನ್ನು ಮೊದಲು ಗಮನಿಸಿದವನು ಅವನೇ. ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ದೀಪ ಇಳಿಸಿ ತೋರಿಸಿದ. ದೀಪ ಕದಲದೆ ಉರಿಯಿತು. "ನೊಣದ ಮಾತು ಕೇಳಿ ಕೆಲಸ ನಿಲ್ಲಿಸೋಕಾಗುತ್ತಾ ಹಗ್ಗದಣ್ಣ?" ಎಂದ.

ಇಳಿಯುವ ಸರದಿ ಸಿಳ್ಳೆಯದು. ಗುತ್ತಿಗೆಯ ಮೇಲೆ ಬಂದಿದ್ದ ನಡುವಯಸ್ಸಿನ ಆಳು. ಹಾಡಲು ಬಾರದು, ಮಾತು ಕಮ್ಮಿ, ಒಳಗಿಳಿದರೆ ಸಿಳ್ಳೆ ಹಾಕುತ್ತಿದ್ದ, ಅದೇ ಹೆಸರಾಗಿತ್ತು. ಹಗ್ಗದಣ್ಣ ಅವನ ಕಂಕುಳ ಕೆಳಗೆ ಹಗ್ಗ ಸುತ್ತಿ, ಗಂಟನ್ನು ಎರಡು ಸಲ ಎಳೆದು ನೋಡಿ, "ಏನು ಹೇಳಿದ್ದೀನಿ?" ಎಂದ.

"ಸತ್ತ ಇಲಿ" ಎಂದು ಸಿಳ್ಳೆ ನಕ್ಕ. "ಸತ್ತರೆ ತಾನೇ ಇಲಿ ಆಗೋದು, ಅಣ್ಣ."

ಪಂಪ್ ನಿಂತಿದ್ದರಿಂದ ನಾನೂ ಮೇಲೆ ಹೋಗಿ ಹಗ್ಗಕ್ಕೆ ಕೈ ಕೊಟ್ಟಿದ್ದೆ. ಕತ್ತಲೆಯಿಂದ ಸಿಳ್ಳೆ ಏರಿ ಬರುತ್ತಿತ್ತು, ನಡುವೆ ಸಲಿಕೆಯ ಕೆರೆತ. ಯಾವುದೋ ಹಳೆಯ ರಾಗ. ಹಗ್ಗದಣ್ಣ ತಲೆ ಓರೆಮಾಡಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಕೆರೆತ ಜೋರಾಯಿತು. ಆಮೇಲೆ ಸಲಿಕೆ ಬಿದ್ದ ಸದ್ದು. ಸಿಳ್ಳೆ ಇಲ್ಲ.

"ಎಳಿ!"

ಎಳೆದೆವು. ಹಗ್ಗ ಹಗುರವಾಗಿ ಓಡಿ ಬಂತು. ತುದಿಯಲ್ಲಿ ಯಾರೂ ಇರಲಿಲ್ಲ. ಸಲಿಕೆ ಬೀಸಲು ಅಡ್ಡ ಬರುತ್ತದೆಂದು ಸಿಳ್ಳೆ ಗಂಟು ಬಿಚ್ಚಿಬಿಟ್ಟಿದ್ದ.

ಮೇಸ್ತ್ರಿ ಗಾಳಿ ಮುಖವಾಡ ತರಲು ಉಗ್ರಾಣದ ಕಡೆ ಓಡಿದ. ಅದು ಕಾರ್ಖಾನೆಯ ಆ ತುದಿ. ನಾನು ತಿರುಗುವಷ್ಟರಲ್ಲಿ ಹಗ್ಗದಣ್ಣ ಒಂದು ಹಗ್ಗವನ್ನು ತನಗೆ ಸುತ್ತಿಕೊಂಡಿದ್ದ, ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡಿದ್ದ; ಎರಡರ ತುದಿಯೂ ತಂಡದ ಆಳುಗಳ ಕೈಯಲ್ಲಿತ್ತು.

"ಮುಖವಾಡ ಬರಲಿ, ತಡಿಯೋ! ನಿನ್ನ ಎದೆ ಇಟ್ಕೊಂಡು ಇಳೀತೀಯಾ?"

"ಅಷ್ಟರಲ್ಲಿ ಅವನಿರಲ್ಲ." ಬಾಯಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟ. ನನ್ನನ್ನು ನೋಡಿದ. ಎಷ್ಟೋ ಹೊತ್ತಿನಿಂದ ಕಾದಿದ್ದ ಬಸ್ಸು ಕೊನೆಗೂ ತಿರುವಿನಲ್ಲಿ ಕಂಡವನ ಮುಖ. ಅವನು ಅಷ್ಟು ನೆಮ್ಮದಿಯಾಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ನನಗೆ ಟ್ಯಾಂಕಿಗಿಂತ ಆ ಮುಖ ಕಂಡೇ ಹೆದರಿಕೆಯಾಯಿತು. "ಈಗ ಸರಿಹೋಗುತ್ತೆ ನೋಡು ಪುಸ್ತಕ" ಎಂದ. "ಇವನನ್ನ ತಂದ್ರೆ ಸರಿಹೋಗುತ್ತೆ."

ಇಳಿದ. ನಾನು ಬಾಯಿಯ ಮೇಲೆ ಬಗ್ಗಿದೆ. ಸೂರ್ಯನ ಬೆಳಕು ಏಣಿಯ ನಡುವಿನವರೆಗೆ ಮಾತ್ರ ಹೋಗುತ್ತಿತ್ತು, ಅದರಾಚೆ ಕಪ್ಪು. ಅವನು ಕೆಮ್ಮುತ್ತಿದ್ದ. ಕೆಮ್ಮು ಕೇಳುವವರೆಗೂ ಬದುಕಿದ್ದಾನೆ ಎಂದುಕೊಂಡೆ. ಆಮೇಲೆ ಇನ್ನೊಂದು ಹಗ್ಗ ಎರಡು ಸಲ ಜಗ್ಗಿತು. ಆಳುಗಳು ಸಿಳ್ಳೆಯನ್ನು ಮೇಲೆಳೆದು ತಗಡಿನ ಮೇಲೆ ಮಲಗಿಸಿದರು. ತುಟಿ ನೀಲಿಯಾಗಿತ್ತು. ಒಬ್ಬ ಎದೆ ಒತ್ತಿದ, ಇನ್ನೊಬ್ಬ ಕೆನ್ನೆಗೆ ಹೊಡೆದ, ಒಬ್ಬ ಸುಮ್ಮನೆ ಅವನ ಹೆಸರು ಕೂಗಿದ. ಅವನ ನಿಜವಾದ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಕೆಳಗಿಂದ ದನಿ ಬಂತು: "ಇದ್ದಾನಾ?"

"ನೀನು ಬಾ ಮೊದಲು!"

"ಪುಸ್ತಕ, ಇದ್ದಾನಾ?"

ಎದೆ ಒತ್ತುತ್ತಿದ್ದವನು ಕೈ ತೆಗೆದು ಹಿಂದಕ್ಕೆ ಕೂತ. ನಾನು ಏನೂ ಹೇಳಲಿಲ್ಲ. ಏನೂ ಹೇಳದಿರುವುದೂ ಆ ಟ್ಯಾಂಕಿನೊಳಗೆ ಕೇಳಿಸುತ್ತದೆ.

ಅವನು ಏಣಿ ಹತ್ತಿ ಬೆಳಕಿನ ಅಂಚಿಗೆ ಬಂದಿದ್ದ. ಮುಖ ಕಾಣುತ್ತಿರಲಿಲ್ಲ, ಸರಳನ್ನು ಹಿಡಿದ ಕೈ ಕಾಣುತ್ತಿತ್ತು, ಹಳೆಯ ಹಗ್ಗದ ಗಾಯದ ಕಲೆಯಿರುವ ಕೈ. ಅದು ಮೇಲಿನ ಸರಳಿಗೆ ಬರಲಿಲ್ಲ. ಅಲ್ಲೇ ನಿಂತಿತು. ಹೆಬ್ಬೆರಳು ಬಿಳಿಚಿಕೊಂಡಿತ್ತು. ಮೊಣಕೈ ಮೆಲ್ಲಗೆ ಸರಳಿನ ಒಳಕ್ಕೆ ಜಾರುತ್ತಿತ್ತು, ನಿದ್ದೆ ಬಂದವನು ಕಂಬಕ್ಕೆ ತೋಳು ಹಾಕುವ ಹಾಗೆ. ಅವನ ತಮ್ಮನದು ಸಿಕ್ಕಿಕೊಂಡಿದ್ದೂ ಅಲ್ಲೇ ಎಲ್ಲೋ. ನಾವು ಎಳೆದರೆ ಬಿಗಿಯಾಗುತ್ತದೆ, ಎಳೆಯದಿದ್ದರೆ ಗ್ಯಾಸಿನಲ್ಲೇ ಉಳಿಯುತ್ತಾನೆ.

"ಬಿಡೋ!" ಎಂದು ಕೂಗಿದೆ. "ಏಣಿ ಬಿಡು! ಅವನು ಹೋದ! ನೀನು ಮಾಡೋದು ಇನ್ನೇನೂ ಇಲ್ಲ! ಕೈ ಬಿಡು!"

ಕಬ್ಬಿಣ ನನ್ನ ಮಾತನ್ನೇ ನನಗೆ ತಿರುಗಿಸಿ ಕೂಗಿತು. ಕೈ ಅಲ್ಲೇ ಇತ್ತು. ಆಮೇಲೆ ಬೆರಳುಗಳು ಬಿಚ್ಚಿಕೊಂಡವು. ಹಗ್ಗದ ಮೇಲೆ ಅವನ ಇಡೀ ಭಾರ ಧಡಕ್ಕನೆ ಬಿತ್ತು. ನಾವೆಲ್ಲ ಮುಂದಕ್ಕೆ ಜಗ್ಗಿ ಹೋಗಿ ಮತ್ತೆ ಕಾಲೂರಿದೆವು. ಎಳೆದೆವು. ಎರಡೂ ತೋಳು ಜೋತುಬಿದ್ದು, ತಲೆ ಎದೆಗೆ ಬಾಗಿ, ಅವನು ಬೆಳಕಿಗೆ ಬಂದ.

ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾಯಿತು. ಶ್ವಾಸಕೋಶ ಉಳಿಯುವುದಿಲ್ಲ, ಕೆಲವೇ ದಿನ ಎಂದು ಡಾಕ್ಟರು ಹೊರಗೆ ಕರೆದು ಹೇಳಿದರು. ಊರಿನಲ್ಲಿ ಆಗಲೇ ಮಾತು ಎದ್ದಿತ್ತು: ಜೀವಕ್ಕೆ ಜೀವ ಕೊಡಲು ಹೋದ, ಋಣ ತೀರಿತು ಎಂದು. ತೀರಿರಲಿಲ್ಲ. ಸಿಳ್ಳೆಯನ್ನು ಹೂಳಿ ಬಂದ ಆಳುಗಳು ವಾರ್ಡಿನ ಬಾಗಿಲಲ್ಲಿ ಮಣ್ಣು ಮೆತ್ತಿದ ಚಪ್ಪಲಿ ಬಿಟ್ಟು ಒಳಗೆ ಬಂದು ಗೋಡೆಗೆ ಒರಗಿ ನಿಂತರು. ಅವನು ಅವರ ಕಾಲಿನ ಮಣ್ಣು ನೋಡಿ, ಹೂಳಿ ಬಂದರೆಂದು ತಿಳಿದುಕೊಂಡ. ಇಷ್ಟು ವರ್ಷ ಕಾದು ಕೊನೆಗೆ ಸಿಕ್ಕ ಒಂದು ಕೆಲಸವೂ ಕೈಯಲ್ಲಿ ನಿಲ್ಲಲಿಲ್ಲ. ತೋರಿಸಲು ಅವನ ಬಳಿ ಏನೂ ಇರಲಿಲ್ಲ.

ಅವರು ಹೋದ ಮೇಲೆ ನಾನು ಕೇಳಿದೆ. ಕೇಳದೆ ಇರಲಾಗಲಿಲ್ಲ. "ಅಲ್ಲಿ ಏಣಿ ಮೇಲೆ... ನೀನೇ ಕೈ ಬಿಟ್ಯಾ? ಇಲ್ಲ ಕೈ ಸೋತು ಬಿಟ್ಟೋಯ್ತಾ?"

ತುಂಬಾ ಹೊತ್ತು ಉಸಿರು ಕೂಡಿಸಿಕೊಂಡ. "ಗೊತ್ತಿಲ್ಲ ಮಾರಾಯ. ನೀನು ಕೂಗಿದ್ದು ಕೇಳಿಸ್ತು. ಮಾಡೋದು ಇನ್ನೇನೂ ಇಲ್ಲ ಅಂದ್ಯಲ್ಲ, ಅದು. ಬಿಟ್ಟೆನೋ, ಬಿಟ್ಟೋಯ್ತೋ." ಸ್ವಲ್ಪ ನಕ್ಕ ಹಾಗಿತ್ತು. "ಮೇಲೆ ಬಂದ್ನಲ್ಲ."

ಆಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದ: "ಅಯ್ಯನವರನ್ನ ಕರಿ. ರೊಟ್ಟಿ ತರೋಕೆ ಹೇಳು."

ಅಯ್ಯನವರು ಬಂದಾಗ ಮೋಡ ಕವಿದು ವಾರ್ಡಿನಲ್ಲಿ ಮಧ್ಯಾಹ್ನವೇ ದೀಪ ಹಚ್ಚಿದ್ದರು. ಗಾಳಿ ಎದ್ದಿತ್ತು. ಅವನ ಮಂಚದ ಪಕ್ಕದ ಕಿಟಕಿಗೆ ಚಿಲಕ ಸಡಿಲ; ಬಾಗಿಲು ಚೌಕಟ್ಟಿಗೆ ಬಡಿದುಕೊಳ್ಳುತ್ತಿತ್ತು. ತಮ್ಮನ ಹೆಂಡತಿ ಅವನ ತಲೆಯ ಬಳಿ ಕೂತಿದ್ದಳು. ರೊಟ್ಟಿ ತೆಗೆದುಕೊಳ್ಳಲು ಅವನು ಕೈ ಎತ್ತಲು ನೋಡಿದ. ಕೈ ಹೊದಿಕೆಯಿಂದ ಮೇಲೇಳಲಿಲ್ಲ. ಹಳೆಯ ಗಾಬರಿ ಕಣ್ಣಿಗೆ ಬಂತು.

"ಕೈ ಬೇಡಪ್ಪ" ಎಂದರು ಅಯ್ಯನವರು. "ಬಾಯಿ ತೆಗಿ ಸಾಕು."

ತೆರೆದ. ತುಂಡನ್ನು ನಾಲಿಗೆಯ ಮೇಲಿಟ್ಟರು. ಅವನ ಗಂಟಲು ಒಮ್ಮೆ ತಡೆಯಿತು, ನಾವೆಲ್ಲ ಅದನ್ನೇ ನೋಡುತ್ತಿದ್ದೆವು; ಮತ್ತೊಮ್ಮೆ ಅಲುಗಿತು; ಇಳಿಯಿತು.

ಅವಳು ಬಗ್ಗಿ, ಎಷ್ಟೋ ವರ್ಷಗಳಿಂದ ಹೇಳುವುದನ್ನೇ ಬಿಟ್ಟಿದ್ದ ಮಾತನ್ನು ಹೇಳಿದಳು: "ಭಾವ, ಕ್ಷಮಿಸಿದ್ದೀನಿ." ಹೇಳಿ, ಎಲ್ಲಿ ಎದ್ದುಬಿಡುತ್ತಾನೋ ಎಂಬಂತೆ ಅವನ ಹೆಗಲ ಮೇಲೆ ಕೈಯಿಟ್ಟಳು.

ಕಿಟಕಿ ಬಡಿಯಿತು. ಅವನ ಕಣ್ಣು ಅತ್ತ ಹೋಯಿತು. ಚಿಲಕವನ್ನು, ಕಳಚಿದ ಮೊಳೆಯನ್ನು, ಎಲ್ಲಿ ಏನು ಬಡಿದರೆ ಸರಿಯಾಗುತ್ತದೆಂಬುದನ್ನು ಅವನು ನೋಡಿದ್ದು ನನಗೆ ಕಂಡಿತು. ನಾನು ಏಳಲು ಹೋದೆ.

"ಬಡ್ಕೊಳ್ಳಲಿ ಬಿಡು ಪುಸ್ತಕ" ಎಂದ. ಕಣ್ಣು ಮುಚ್ಚಿದ. ಅವಳಿಗೆ, "ಆಯ್ತಮ್ಮ" ಎಂದ.

ಆ ಸಂಜೆ ಅವನ ಉಸಿರಿನಲ್ಲಿ ಆ ಸಿಹಿ ವಾಸನೆ ಇದೆಯೆಂದು ನನಗೆ ಅನಿಸಿತು. ಇದ್ದಿರಲಾರದು. ನಾನು ತಲೆ ಓರೆಮಾಡಿ ಕೇಳುತ್ತಾ ಕೂತಿದ್ದೆ, ಅವನು ಕೂರುತ್ತಿದ್ದ ಹಾಗೆ. ಉಸಿರು ಬರುತ್ತಿತ್ತು, ನಿಲ್ಲುತ್ತಿತ್ತು, ಬರುತ್ತಿತ್ತು. ಗಾಳಿ ಜೋರಾಗಿ ಕಿಟಕಿ ಮತ್ತೆ ಮತ್ತೆ ಬಡಿಯಿತು. ನರ್ಸ್ ಬಂದು, "ಯಾರಾದ್ರೂ ಅದನ್ನ ಕಟ್ಟಬಾರದಾ?" ಎಂದಳು. ನಮ್ಮಲ್ಲಿ ಯಾರೂ ಏಳಲಿಲ್ಲ. ಅವನ ಉಸಿರು ನಿಂತಾಗ ನನ್ನ ಎರಡೂ ಕೈ ತಾವಾಗಿಯೇ ಮುಷ್ಟಿ ಕಟ್ಟಿದ್ದವು, ಹಗ್ಗ ಹಿಡಿದವನ ಹಾಗೆ. ಎಳೆಯಲು ಅಲ್ಲಿ ನನಗೆ ಏನೂ ಇರಲಿಲ್ಲ. ಅದು ನನ್ನ ಕೆಲಸವಾಗಿರಲಿಲ್ಲ.